ಬಿರುಕಿನೊಳಗಿನ ಹನ್ನೆರಡು ದಿನ: ನೊಣದ ಜೀವನಚಕ್ರ ಅರಿತ ದಾರಿ

ರೇಷ್ಮೆ ಬೆಳೆಗಾರರ ತರಬೇತಿಯೊಂದಕ್ಕೆ ಈಚೆಗೆ ಹೋಗಿದ್ದೆ. ಗೋಡೆಯ ಮೇಲೆ, ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣದ ಜೀವನಚಕ್ರದ ಹೊಸ ಪಟ ತೂಗುತ್ತಿತ್ತು. ನಾಲ್ಕು ವೃತ್ತ, ನಡುವೆ ನಾಲ್ಕು ಬಾಣ, ಪ್ರತಿ ವೃತ್ತದ ಕೆಳಗೆ ಒಂದೊಂದು ಅಂಕಿ. ಮೊಟ್ಟೆಗೆ ಇಷ್ಟು ದಿನ, ಮರಿಹುಳುವಿಗೆ ಇಷ್ಟು, ಕೋಶಕ್ಕೆ ಇಷ್ಟು, ನೊಣಕ್ಕೆ ಇಷ್ಟು. ಪಾಠ ಮಾಡುತ್ತಿದ್ದ ತರುಣ ಎರಡು ನಿಮಿಷದಲ್ಲಿ ಅದನ್ನು ಮುಗಿಸಿ ಮುಂದಿನ ಪಟಕ್ಕೆ ಹೋದರು. ಹಿಂದೆ ಕೂತಿದ್ದ ರೈತರೊಬ್ಬರು ಕೇಳಿದರು: “ಚಳಿಗಾಲದಲ್ಲೂ ಇಷ್ಟೇ ದಿನಾನಾ ಸಾರ್?” “ಹೌದು, ಇಷ್ಟೇ” ಎಂಬ ಉತ್ತರ ಬಂತು.

ಆ ಉತ್ತರ ತಪ್ಪು. ನೊಣದ ಆಯುಸ್ಸನ್ನು ಅಳೆಯುವುದು ಪಂಚಾಂಗವಲ್ಲ, ಬಿಸಿಲು. ಮನೆಯೊಳಗೆ ಸುತ್ತುವ ಸಾಮಾನ್ಯ ನೊಣ ಬೇಸಿಗೆಯ ತಿಪ್ಪೆಯಲ್ಲಿ ಏಳರಿಂದ ಹತ್ತು ದಿನದಲ್ಲಿ ಮೊಟ್ಟೆಯಿಂದ ರೆಕ್ಕೆಗೆ ಬರುತ್ತದೆ. ಹದಿನಾರು ಡಿಗ್ರಿಯ ಚಳಿಯಲ್ಲಿ ಅದೇ ನೊಣಕ್ಕೆ ನಲವತ್ತು ದಿನವೂ ಸಾಲದು. ಆ ರೈತರ ಪ್ರಶ್ನೆಯ ಹಿಂದೆ ಅನುಭವವಿತ್ತು. ಅವರು ತಮ್ಮ ಹುಳುಮನೆಯಲ್ಲಿ ಡಿಸೆಂಬರಿನ ಬೆಳೆಯನ್ನೂ ಏಪ್ರಿಲಿನ ಬೆಳೆಯನ್ನೂ ಕಂಡವರು. ಊಟದ ಹೊತ್ತಿಗೆ ಈ ಮಾತು ತೆಗೆದಾಗ ಹಿರಿಯ ಸಹೋದ್ಯೋಗಿಯೊಬ್ಬರು, “ಜೀವನಚಕ್ರ ಅಂದರೆ ಏಳನೇ ಕ್ಲಾಸಿನ ಪಾಠ. ಅದರಲ್ಲಿ ಸಂಶೋಧನೆ ಮಾಡೋದಕ್ಕೆ ಇನ್ನೇನಿದೆ?” ಎಂದರು. ಈ ಲೇಖನ ಬರೆಯಲು ಕೂತದ್ದು ಆ ಮಾತಿನಿಂದ. ನೊಣವೊಂದು ಹೇಗೆ ಹುಟ್ಟಿ, ಹೇಗೆ ರೂಪ ಬದಲಿಸಿ, ಎಲ್ಲಿ ಅಡಗಿ, ಯಾವಾಗ ಹಾರುತ್ತದೆ ಎಂಬುದನ್ನು ಮನುಷ್ಯ ಕಲಿತದ್ದು ಮುನ್ನೂರೈವತ್ತು ವರ್ಷಗಳ ತಾಳ್ಮೆಯಿಂದ. ಕಲಿತದ್ದನ್ನು ಮಧ್ಯೆ ಒಂದೆರಡು ಸಲ ಮರೆತದ್ದೂ ಉಂಟು.

ಆರಂಭವನ್ನು ಎಲ್ಲರೂ ಬಲ್ಲರು, ಬೇಗ ಹೇಳಿಬಿಡುತ್ತೇನೆ. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸದ ಜಾಡಿಗಳಿಗೆ ತೆಳುಬಟ್ಟೆ ಕಟ್ಟಿ, ಕೊಳೆತದ್ದರಿಂದ ಹುಳ ತಾನಾಗಿ ಹುಟ್ಟುವುದಿಲ್ಲ, ನೊಣ ಮೊಟ್ಟೆಯಿಟ್ಟರಷ್ಟೇ ಹುಟ್ಟುತ್ತದೆ ಎಂದು ತೋರಿಸಿದ. ಶಾಲೆಯ ಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ರೆಡಿ ಆ ಹುಳಗಳನ್ನು ಎಸೆಯದೆ ಸಾಕಿದ ಎಂಬುದು ನನಗೆ ಇದಕ್ಕಿಂತ ದೊಡ್ಡ ಸಂಗತಿ. ಅವು ಕೋಶವಾಗುವವರೆಗೆ ಕಾದು, ಯಾವ ಕೋಶದಿಂದ ಯಾವ ಬಣ್ಣದ ನೊಣ ಬಂತೆಂದು ಬರೆದಿಟ್ಟ. ಸಾಕಿ ನೋಡುವವರ ಪರಂಪರೆ ಅವನಿಂದ ಮೊದಲಾಗುತ್ತದೆ, ನಾನೂ ಆ ಪರಂಪರೆಯವನೇ. 1730ರ ದಶಕದಲ್ಲಿ ಫ್ರಾನ್ಸಿನ ರೆಯೋಮೂರ್ ಕೀಟಗಳ ಬಗ್ಗೆ ಬರೆದ ದೊಡ್ಡ ಸಂಪುಟಗಳಲ್ಲಿ ನೊಣಗಳಿಗೂ ಬೇಕಾದಷ್ಟು ಜಾಗವಿತ್ತು. ಚಿಟ್ಟೆಯ ಹುಳು ಕೊನೆಯ ಪೊರೆಯನ್ನು ಕಳಚಿ ಕೋಶವಾಗುತ್ತದೆ. ನೊಣದ ಮರಿ ಪೊರೆ ಕಳಚುವುದಿಲ್ಲ, ತನ್ನ ಚರ್ಮವನ್ನೇ ಬಿಗಿದು ಗಟ್ಟಿಮಾಡಿಕೊಂಡು ಅದರೊಳಗೆ ಕೂರುತ್ತದೆ. ಕಂದು ಬಣ್ಣದ, ಜೀರಿಗೆ ಮಿಠಾಯಿಯ ಆಕಾರದ ಆ ಕೋಶವೆಂದರೆ ಮರಿಹುಳುವಿನ ಹಳೆಯ ಅಂಗಿ. 1864ರಲ್ಲಿ ಜರ್ಮನಿಯ ಆಗಸ್ಟ್ ವೈಸ್‌ಮನ್ ಸೂಕ್ಷ್ಮದರ್ಶಕದಡಿ ಕೋಶವನ್ನು ತೆರೆದು ನೋಡಿದ. ಒಳಗೆ ಹಳೆಯ ಮೈ ಕರಗುತ್ತಿತ್ತು. ಮರಿಯಾಗಿದ್ದಾಗಲೇ ಮೈಯೊಳಗೆ ಮಡಿಚಿಟ್ಟಿದ್ದ ಪುಟ್ಟ ಬಿಲ್ಲೆಗಳಿಂದ ಕಾಲು, ರೆಕ್ಕೆ, ಕಣ್ಣುಗಳು ಅರಳುತ್ತಿದ್ದವು. ಆ ವರ್ಷಗಳಲ್ಲೇ ಅವನ ದೃಷ್ಟಿ ಕೆಟ್ಟಿತು.

ಇದಾದ ಮೇಲೆ ಕಣ್ಣು ಏಷ್ಯಾದ ಕಡೆ ತಿರುಗಬೇಕು. ಯುರೋಪಿನ ಚರಿತ್ರೆಕಾರರು ಸಾಮಾನ್ಯವಾಗಿ ಈ ಭಾಗವನ್ನು ಬಿಟ್ಟುಬಿಡುತ್ತಾರೆ. 1886ರಲ್ಲಿ ಟೋಕಿಯೊದ ಸಾಸಾಕಿ ಚೂಜಿರೊ, ರೇಷ್ಮೆ ಹುಳುವನ್ನು ಕೊಲ್ಲುವ ಜಪಾನಿನ ನೊಣದ ಪೂರ್ತಿ ಬಾಳನ್ನು ಬರೆದ. ಆ ನೊಣ ಹುಳುವಿನ ಮೇಲೆ ಮೊಟ್ಟೆಯಿಡುವುದಿಲ್ಲ, ಹಿಪ್ಪುನೇರಳೆ ಎಲೆಯ ಮೇಲೆ ಇಡುತ್ತದೆ. ಹುಳು ಸೊಪ್ಪಿನ ಜೊತೆ ಮೊಟ್ಟೆಯನ್ನೂ ನುಂಗುತ್ತದೆ. ಹೊಟ್ಟೆಯಲ್ಲಿ ಮೊಟ್ಟೆಯೊಡೆದ ಮರಿ ಮೊದಲು ನರದ ಗಂಟಿಗೆ ಹೋಗಿ ಕೂತು, ಆಮೇಲೆ ಉಸಿರು ರಂಧ್ರದ ಪಕ್ಕಕ್ಕೆ ಸರಿಯುತ್ತದೆ. ಹೊರಬಿದ್ದ ಮೇಲೆ ಮಣ್ಣಿನಲ್ಲಿ ಕೋಶವಾಗಿ ಚಳಿಗಾಲ ಪೂರ್ತಿ ಮಲಗುತ್ತದೆ. ವರ್ಷಕ್ಕೆ ಒಂದೇ ತಲೆಮಾರು. ಜಪಾನಿ ಭಾಷೆಯಲ್ಲಿ ನೊಣದ ಮರಿಗೆ ‘ಉಜಿ’ ಎನ್ನುತ್ತಾರೆ. ನಾವು ‘ಊಜಿ ನೊಣ’ ಎನ್ನುವಾಗ ಹೆಸರಿನಲ್ಲಿರುವುದು ಮರಿಹುಳು, ನಮ್ಮ ಕಣ್ಣು ಮಾತ್ರ ನೊಣದ ಮೇಲೆ.

ನಮ್ಮಲ್ಲಿ ಬಿಹಾರದ ಪೂಸಾದಲ್ಲಿದ್ದ ಎಫ್. ಎಂ. ಹೌಲೆಟ್ 1912ರಲ್ಲಿ ಒಂದು ವಿಚಿತ್ರ ಗಮನಿಸಿದ. ಸೊಳ್ಳೆ ಬಾರದಿರಲೆಂದು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣಿನ ನೊಣಗಳು ಮುತ್ತುತ್ತಿದ್ದವು, ಅವೆಲ್ಲ ಗಂಡುಗಳೇ. ಕೆಲವೇ ವರ್ಷಗಳಲ್ಲಿ ಅದರ ಹಿಂದಿನ ವಸ್ತು ಮೀಥೈಲ್ ಯೂಜೆನಾಲ್ ಎಂದು ಅವನು ಗುರುತಿಸಿದ. ಇಂದು ನಮ್ಮ ಮಾವಿನ ತೋಪುಗಳಲ್ಲಿ ನೇತಾಡುವ ಮೋಹಕ ಬಲೆಗಳ ಒಳಗಿರುವುದು ಅದೇ. 1960ರ ದಶಕದಲ್ಲಿ ಪೆಸಿಫಿಕ್ಕಿನ ರೋಟಾ ದ್ವೀಪದಿಂದ ಹಣ್ಣಿನ ನೊಣವನ್ನು ಪೂರ್ತಿ ಅಳಿಸಿದ್ದು ಕೂಡ ಅದೇ ವಸ್ತುವಿನಿಂದ. ಮೈಸೂರು ಸಂಸ್ಥಾನದಲ್ಲಿ 1908ರಿಂದ ಲೆಸ್ಲಿ ಕೋಲ್ಮನ್, ಅವರ ಜೊತೆ ಕುಞಿಕಣ್ಣನ್, ಬೆಳೆಗೆ ಬೀಳುವ ಕೀಟಗಳ ಬಾಳನ್ನು ಗದ್ದೆಯ ಬದುವಿನಲ್ಲಿ ಕೂತು ಬರೆಯುವ ಪದ್ಧತಿ ಹಾಕಿದರು. 1911ರ ಭತ್ತದ ಮಿಡತೆಯ ಪುಸ್ತಿಕೆ ಇಂದಿಗೂ ಮಾದರಿ. ನೊಣಗಳ ಮೇಲೆ ಅವರು ಅಷ್ಟು ಬರೆಯಲಿಲ್ಲ. ಪದ್ಧತಿಯನ್ನು ಬಿಟ್ಟುಹೋದರು, ಅದು ಸಾಕಾಗಿತ್ತು.

ಒಂದು ಪ್ರಯೋಗದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1930ರ ದಶಕದ ನಡುವೆ ಲಂಡನ್ನಿನಲ್ಲಿದ್ದ ಗಾಟ್‌ಫ್ರೀಡ್ ಫ್ರೆಂಕೆಲ್, ಮಾಂಸದ ನೊಣದ ಬಲಿತ ಮರಿಯ ನಡುವಿಗೆ ದಾರ ಬಿಗಿದು ಕಟ್ಟಿದ. ಸರಿಯಾದ ಗಳಿಗೆಯಲ್ಲಿ ಕಟ್ಟಿದರೆ ಮುಂದಿನ ಅರ್ಧ ಮಾತ್ರ ಕಂದು ಕೋಶವಾಯಿತು, ಹಿಂದಿನ ಅರ್ಧ ಬಿಳಿಯ ಮರಿಯಾಗಿಯೇ ಉಳಿಯಿತು. ಕೋಶವಾಗುತ್ತಿರುವ ಮರಿಯ ರಕ್ತವನ್ನು ಆ ಹಿಂದಿನ ಅರ್ಧಕ್ಕೆ ಚುಚ್ಚಿದರೆ ಅದೂ ಗಟ್ಟಿಯಾಯಿತು. ಅಂದರೆ ರೂಪಾಂತರದ ಆಜ್ಞೆ ಮುಂಭಾಗದಿಂದ ರಕ್ತದಲ್ಲಿ ಹರಿದುಬರುತ್ತದೆ. ಒಂದು ದಾರದ ತುಂಡಿನಿಂದ ಇಷ್ಟು ದೊಡ್ಡ ಮಾತು ತಿಳಿದದ್ದು ನಮ್ಮ ವಿಷಯದಲ್ಲಿ ಮತ್ತೊಂದಿಲ್ಲ ಎಂದೇ ನನ್ನ ಎಣಿಕೆ. ಆ ಆಜ್ಞೆಯ ದ್ರವ್ಯವನ್ನು ಹುಡುಕಿ ಹೊರಟ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ 1954ರಲ್ಲಿ ಅದನ್ನು ಹರಳಾಗಿ ಪಡೆದರು. ಎಕ್ಡೈಸೋನ್ ಎಂದು ಹೆಸರಿಟ್ಟರು. 500 ಕಿಲೊ ರೇಷ್ಮೆ ಕೋಶದಿಂದ ಸಿಕ್ಕಿದ್ದು 25 ಮಿಲಿಗ್ರಾಂ. ಸಿಕ್ಕಿದ್ದು ಅದೇ ದ್ರವ್ಯವೋ ಅಲ್ಲವೋ ಎಂದು ಹೆಜ್ಜೆಹೆಜ್ಜೆಗೆ ಪರೀಕ್ಷಿಸಿದ್ದು ಫ್ರೆಂಕೆಲ್‌ನ ದಾರ ಕಟ್ಟಿದ ನೊಣದ ಮರಿಗಳ ಮೇಲೆ. ರೇಷ್ಮೆ ಹುಳು ಮತ್ತು ನೊಣ, ಎರಡರ ಮೈಯಲ್ಲೂ ಒಂದೇ ಆಜ್ಞೆ ಓಡುತ್ತದೆ. ಒಂದರೊಳಗೆ ಇನ್ನೊಂದು ಹೊಕ್ಕು ಬದುಕುವ ಊಜಿಯನ್ನು ಅರಿಯಬೇಕಾದವರು ಇದನ್ನು ಮರೆಯುವಂತಿಲ್ಲ.

ಇಷ್ಟರಲ್ಲಿ ಡಿಡಿಟಿ ಬಂತು. ಹಾರುವ ನೊಣವನ್ನು ಒಂದೇ ಸಿಂಪಡಣೆಗೆ ಕೆಡವಬಹುದಾದ ಮೇಲೆ ಅದರ ಮರಿ ಎಲ್ಲಿದೆ, ಕೋಶ ಎಲ್ಲಿದೆ ಎಂದು ಕೇಳುವವರು ಕಡಿಮೆಯಾದರು. 1946ರ ಹೊತ್ತಿಗೇ ಸ್ವೀಡನ್ನಿನಲ್ಲಿ ಡಿಡಿಟಿಗೆ ಬಗ್ಗದ ಮನೆನೊಣಗಳು ಕಾಣಿಸಿಕೊಂಡವು. ಆದರೂ ಮರೆವು ಮೂವತ್ತು ವರ್ಷ ಉಳಿಯಿತು. ಆ ಕಾಲದಲ್ಲಿ ಜೀವನಚಕ್ರವನ್ನು ಗಂಭೀರವಾಗಿ ತೆಗೆದುಕೊಂಡವನೆಂದರೆ ಅಮೆರಿಕದ ನಿಪ್ಲಿಂಗ್. ದನದ ಗಾಯಕ್ಕೆ ಹುಳ ಬೀಳಿಸುವ ಅಲ್ಲಿನ ನೊಣದ ಹೆಣ್ಣು ಬಾಳಿನಲ್ಲಿ ಒಂದೇ ಸಲ ಕೂಡುತ್ತದೆ ಎಂಬ ಒಂದು ಸಂಗತಿಯನ್ನು ಹಿಡಿದು, ಕೋಶದಲ್ಲಿರುವಾಗಲೇ ವಿಕಿರಣ ಹಾಯಿಸಿ ಬಂಜೆ ಮಾಡಿದ ಗಂಡುಗಳನ್ನು ಬಿಡುವ ಉಪಾಯ ಹೂಡಿದ. 1954ರಲ್ಲಿ ಕ್ಯುರಸಾವೊ ದ್ವೀಪದಲ್ಲಿ ಅದು ಗೆದ್ದಿತು. ಒಂದು ಕೀಟದ ದಾಂಪತ್ಯವನ್ನು ಸರಿಯಾಗಿ ಅರಿತದ್ದರಿಂದ ಒಂದು ದ್ವೀಪದ ದನಕರು ಉಳಿದವು.

ಇನ್ನು ನಮ್ಮ ಕಾಲ. 1980ರವರೆಗೆ ಕರ್ನಾಟಕದ ರೇಷ್ಮೆ ಸೀಮೆಗೆ ಊಜಿ ಗೊತ್ತಿರಲಿಲ್ಲ. ಬಂಗಾಳದಲ್ಲಿ ಅದು ಹಳೆಯ ಪಿಡುಗು. ಲೂಯಿ ಎಂಬುವನು 1880ರಲ್ಲೇ ಅದನ್ನು ವರ್ಣಿಸಿದ್ದ. ಸರಿಯಾಗಿ ನೂರು ವರ್ಷದ ಮೇಲೆ, 1980ರಲ್ಲಿ, ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳ ಜೊತೆ ಅದು ನಮ್ಮಲ್ಲಿಗೆ ಬಂದಿಳಿಯಿತು. ನೊಣ ಹಾರಿ ಬರಲಿಲ್ಲ, ಗೂಡಿನೊಳಗೆ ಮರಿಯಾಗಿ, ಚೀಲದ ತಳದಲ್ಲಿ ಕೋಶವಾಗಿ ಬಂತು. ನೋಡನೋಡುತ್ತಿದ್ದಂತೆ ಕೋಲಾರ, ಬೆಂಗಳೂರು, ಮಂಡ್ಯ, ಮೈಸೂರು ಸೀಮೆಗಳನ್ನೂ ನೆರೆಯ ಆಂಧ್ರ, ತಮಿಳುನಾಡುಗಳನ್ನೂ ಹಬ್ಬಿತು. ಬೆಳೆಯ ಶೇಕಡಾ ಹತ್ತರಿಂದ ಇಪ್ಪತ್ತರಷ್ಟು ನಷ್ಟವೆಂಬ ಮಾತು ಆಗ ಎಲ್ಲೆಡೆ ಕೇಳುತ್ತಿತ್ತು. ಆದರೆ ಆ ನಷ್ಟ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತಿರಲಿಲ್ಲ. ಸಾಲ ಮಾಡಿ ಒಂದೇ ಬೆಳೆ ಇಟ್ಟವನ ಮನೆಗೆ ಊಜಿ ಹೊಕ್ಕರೆ ಹುಳು ಗೂಡು ಕಟ್ಟುವ ಚಂದ್ರಿಕೆಯ ತುಂಬ ತೂತು ಬಿದ್ದ ಗೂಡೇ.

ನಾನು ಆಗ ಹೊಸದಾಗಿ ರೇಷ್ಮೆ ಸಂಶೋಧನೆಯ ಕೆಲಸಕ್ಕೆ ಸೇರಿದ್ದೆ. ಮೊದಲ ವರ್ಷದ ಗೊಂದಲ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಕೈಯಲ್ಲಿದ್ದ ರೇಷ್ಮೆ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಜಪಾನಿನ ಅನುಭವದವು. ಊಜಿ ಎಂದರೆ ಎಲೆಯ ಮೇಲೆ ಮೊಟ್ಟೆಯಿಡುವ ನೊಣ ಎಂದು ಅವುಗಳಲ್ಲಿತ್ತು. ಅದನ್ನು ನಂಬಿ ಸೊಪ್ಪನ್ನು ನೀರಿನಲ್ಲಿ ಜಾಲಿಸಿ ಜಾಲಿಸಿ ಹಾಕಿದ ಮನೆಗಳನ್ನು ನಾನು ಕಂಡಿದ್ದೇನೆ. ಒದ್ದೆ ಸೊಪ್ಪು ತಿಂದು ಹುಳು ಬೇರೆ ಕಾಯಿಲೆಗೆ ಬಿತ್ತು, ಊಜಿ ಕಡಿಮೆಯಾಗಲಿಲ್ಲ. ಬಂಗಾಳದ ಊಜಿಯೇ ಬೇರೆ ಜಾತಿ, ಅದು ನೇರವಾಗಿ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಹೆಸರೊಂದೇ, ಬಾಳು ಬೇರೆ. ಆ ವರ್ಷ ಕಲಿತ ಪಾಠವನ್ನು ನಾನು ಮರೆತಿಲ್ಲ.

ಔಷಧಿ ಹೊಡೆಯೋಣವೆಂದರೆ ಹುಳುಮನೆಯಲ್ಲಿ ಅದು ಆಗದ ಮಾತು. ನೊಣವನ್ನು ಕೊಲ್ಲುವ ವಿಷ ರೇಷ್ಮೆ ಹುಳುವನ್ನು ಮೊದಲು ಕೊಲ್ಲುತ್ತದೆ. ಹತ್ತಿ, ಭತ್ತ, ತೊಗರಿಯವರಿಗೆ ಇದ್ದ ಸುಲಭದ ದಾರಿ ನಮಗೆ ಮುಚ್ಚಿತ್ತು. ಹಾಗಾಗಿ ಊಜಿಯ ಬಾಳನ್ನು ಗಂಟೆಗಂಟೆಗೆ ನೋಡದೆ ಗತ್ಯಂತರವಿರಲಿಲ್ಲ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ, ಅದೇ 1980ರಲ್ಲಿ ತಲಘಟ್ಟಪುರದಲ್ಲಿ ಹುಟ್ಟಿದ ರಾಜ್ಯದ ಸಂಸ್ಥೆಯಲ್ಲಿ, ಕೃಷಿ ವಿಶ್ವವಿದ್ಯಾಲಯದಲ್ಲಿ ಆ ದಶಕದಲ್ಲಿ ನಡೆದ ಕೆಲಸ, ನನ್ನ ಮಟ್ಟಿಗೆ, ಭಾರತದಲ್ಲಿ ಒಂದು ನೊಣದ ಮೇಲೆ ನಡೆದ ಅತ್ಯಂತ ಪ್ರಾಮಾಣಿಕ ಕೆಲಸಗಳಲ್ಲಿ ಒಂದು.

ಕಂಡದ್ದು ಹೀಗೆ. ಹೆಣ್ಣು ನೊಣ ನಾಲ್ಕನೆಯ ಮತ್ತು ಐದನೆಯ ಹಂತದ ಹುಳುವನ್ನು ಹುಡುಕುತ್ತದೆ. ಮೈಯ ಮಡಿಕೆಗಳ ನಡುವೆ ಒಂದೋ ಎರಡೋ ಮೊಟ್ಟೆ ಅಂಟಿಸಿ ಹಾರುತ್ತದೆ. ಕೆನೆ ಬಣ್ಣ, ಉದ್ದ ಅರ್ಧ ಮಿಲಿಮೀಟರು, ಸೂಜಿಯ ತಲೆಗಿಂತ ದೊಡ್ಡದಲ್ಲ. ಬಾಳಿನಲ್ಲಿ ಮುನ್ನೂರರಿಂದ ಸಾವಿರ ಮೊಟ್ಟೆ. ಎರಡರಿಂದ ಐದು ದಿನದೊಳಗೆ ಮೊಟ್ಟೆ ಒಡೆದು ಮರಿ ಹುಳುವಿನ ಚರ್ಮ ತೂರುತ್ತದೆ. ಹೊಕ್ಕ ಜಾಗದಲ್ಲಿ ಕಪ್ಪು ಕಲೆ ಬೀಳುತ್ತದೆ. ಆ ಕಲೆ ಬರೀ ಗಾಯವಲ್ಲ. ಹೊಕ್ಕ ಶತ್ರುವನ್ನು ಸುತ್ತಿ ಮುಚ್ಚಲು ಹುಳುವಿನ ರಕ್ತಕಣಗಳು ಕಟ್ಟಿದ ಗೋಡೆ ಅದು. ಮರಿ ಆ ಗೋಡೆಯನ್ನೇ ಆಲಿಕೆಯಂತೆ ಬಳಸಿಕೊಂಡು, ಹಿಂಬದಿಯನ್ನು ರಂಧ್ರಕ್ಕಿಟ್ಟು ಹೊರಗಿನ ಗಾಳಿ ಉಸಿರಾಡುತ್ತದೆ. ತನ್ನನ್ನು ಕೊಲ್ಲಲು ಕಟ್ಟಿದ್ದರಲ್ಲಿ ಮನೆ ಮಾಡುವ ಈ ಜಾಣ್ಮೆಯನ್ನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಕಂಡ ದಿನ ನನಗೆ ಊಟ ಸೇರಲಿಲ್ಲ. ಮೂರು ಹಂತ ದಾಟಿ, ಐದರಿಂದ ಎಂಟು ದಿನದಲ್ಲಿ ಬಲಿತು ಹೊರಗೆ ಬರುತ್ತದೆ. ಮೊಟ್ಟೆ ಬಿದ್ದದ್ದು ನಾಲ್ಕನೆಯ ಹಂತದಲ್ಲೋ ಐದರ ಮೊದಲಲ್ಲೋ ಆದರೆ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಐದರ ಕೊನೆಗೆ ಬಿದ್ದರೆ ಹುಳು ಗೂಡು ಕಟ್ಟುತ್ತದೆ, ಮರಿ ಗೂಡನ್ನು ತೂತು ಮಾಡಿ ಇಳಿಯುತ್ತದೆ. ಎಳೆ ಹರಿದ ಆ ಗೂಡನ್ನು ನೂಲು ತೆಗೆಯುವ ರೀಲರ್ ಕೊಳ್ಳುವುದಿಲ್ಲ.

ರೈತರಿಗೆ ನಿಜವಾಗಿ ದಾರಿಯಾದದ್ದು ಇಂಥ ಸಣ್ಣ ಸಂಗತಿಗಳು. ಜ್ವರಕ್ಕೆ ಕೂರುವ ಹೊತ್ತಿಗೆ ಬಿದ್ದ ಮೊಟ್ಟೆ ಪೊರೆಯ ಜೊತೆ ಕಳಚಿ ಹೋಗುತ್ತದೆ. ಹುಳು ಪೊರೆ ಬಿಡುವುದನ್ನು ನಮ್ಮ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ಹಾಗಾಗಿ ಅಪಾಯದ ದಿನಗಳೆಂದರೆ ಜ್ವರ ಎದ್ದ ಮೇಲಿನವು. ಮೊಟ್ಟೆ ಒಡೆಯಲು ಕಡಿಮೆಯೆಂದರೂ ಎರಡು ದಿನ ಬೇಕು. ಹಾಗಾಗಿ ದಿನ ಬಿಟ್ಟು ದಿನ ಹುಳುವಿನ ಮೈಮೇಲೆ ಮೊಟ್ಟೆ ಕೊಲ್ಲುವ ದ್ರಾವಣ ಬಿದ್ದರೆ ಸಾಕು. ಮೈಸೂರಿನ ಸಂಸ್ಥೆ ತಂದ ಊಜಿಸೈಡ್ ಇದೇ ಲೆಕ್ಕದ ಮೇಲೆ ನಿಂತದ್ದು. ಅದರಲ್ಲಿದ್ದದ್ದು ಶೇಕಡಾ ಒಂದರಷ್ಟು ಬೆಂಜೋಯಿಕ್ ಆಮ್ಲ. ಕಿಟಕಿಗೆ ನೈಲಾನ್ ಬಲೆ, ಬಾಗಿಲಿಗೆ ಮುಂಗೋಣೆ, ಕಿಟಕಿಯ ಬುಡದಲ್ಲಿ ಬಿಳಿ ತಟ್ಟೆಗೆ ಮಾತ್ರೆ ಕರಗಿಸಿಟ್ಟ ಊಜಿ ಟ್ರ್ಯಾಪ್, ಇವೆಲ್ಲ ನೊಣದ ನಡೆ ಕಂಡು ಹುಟ್ಟಿದ ಉಪಾಯಗಳೇ.

ಆದರೆ ನಾನು ಹೆಚ್ಚು ಪ್ರೀತಿಯಿಂದ ನೆನೆಯುವುದು ಕೋಶದ ಕೆಲಸವನ್ನು. ಹುಳುವಿನಿಂದಲೋ ಗೂಡಿನಿಂದಲೋ ಹೊರಬಿದ್ದ ಮರಿ ಬೆಳಕಿಗೆ ಹೆದರಿ ಗೋಡೆಯ ಬುಡಕ್ಕೆ, ನೆಲದ ಬಿರುಕಿಗೆ, ಸಡಿಲ ಮಣ್ಣಿಗೆ ಹರಿದಾಡಿ, ಹೆಚ್ಚೆಂದರೆ ಇಪ್ಪತ್ತು ಗಂಟೆಯೊಳಗೆ ಕೋಶವಾಗುತ್ತದೆ. ಮುಂದಿನ ಹತ್ತು ಹನ್ನೆರಡು ದಿನ, ಚಳಿಯಲ್ಲಿ ಇನ್ನೂ ಹೆಚ್ಚು ದಿನ, ಅಲ್ಲೇ. ಕೊನೆಗೆ ನೊಣ ಹಣೆಯ ಮೇಲಿನ ಚೀಲವೊಂದನ್ನು ಉಬ್ಬಿಸಿ ಕೋಶದ ಮುಚ್ಚಳ ತಳ್ಳಿ ಹೊರಬರುತ್ತದೆ. ಯಾವುದೇ ಗಳಿಗೆಯಲ್ಲಿ ಒಂದು ಮನೆಯಲ್ಲಿರುವ ಊಜಿಯಲ್ಲಿ ಕಣ್ಣಿಗೆ ಕಾಣುವುದು ಚೂರು ಪಾಲು. ಉಳಿದದ್ದು ಹುಳುವಿನ ಒಳಗೆ ಅಥವಾ ನೆಲದ ಒಳಗೆ. ಈ ಕಾಣದ ಹನ್ನೆರಡು ದಿನಕ್ಕೆ ಸಿಕ್ಕ ಉತ್ತರ ನೆಸೊಲಿಂಕ್ಸ್ ಥೈಮಸ್ ಎಂಬ ಚಿಕ್ಕ ಕಣಜ. ಇರುವೆಗಿಂತ ಚಿಕ್ಕದು. ಬಿರುಕಿಗೆ ನುಗ್ಗಿ ಊಜಿಯ ಕೋಶ ಹುಡುಕಿ, ಗೋಡೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಒಂದು ಕೋಶದಿಂದ ಒಂದು ನೊಣ ಬರುವ ಬದಲು ಹತ್ತಾರು ಕಣಜ ಬರುತ್ತವೆ. ಹುಳುವಿಗಾಗಲಿ ಮನುಷ್ಯನಿಗಾಗಲಿ ಏನೂ ಮಾಡುವುದಿಲ್ಲ. ಈ ಕಣಜವನ್ನು ಲಕ್ಷಗಟ್ಟಲೆ ಬೆಳೆಸಲು ಮನೆನೊಣದ ಕೋಶ ಬೇಕಾಯಿತು. ಹಾಗಾಗಿ ಊಜಿಯ ಪ್ರಯೋಗಾಲಯದಲ್ಲಿ ಮನೆನೊಣವನ್ನೂ ಸಾಕಿದೆವು. ಕಣಜದ ಪೊಟ್ಟಣಗಳನ್ನು ಚಂದ್ರಿಕೆಯ ಹತ್ತಿರ ತೂಗಿಹಾಕಿ, ಗೂಡು ಬಿಡಿಸಿದ ಮೇಲೆ ತಿಪ್ಪೆಯ ಬಳಿಗೆ ಒಯ್ಯಿರಿ ಎಂದು ರೈತರಿಗೆ ಹೇಳಿದೆವು. ಹುಳುವಿನ ಹಾಸಿಗೆಯ ಕಸದ ಜೊತೆ ತಿಪ್ಪೆಗೆ ಹೋದ ಕೋಶಗಳೂ ಇದ್ದವಲ್ಲ.

ಈ ಕೆಲಸದ ಹಿಂದಿನ ಕೈಗಳ ಬಗ್ಗೆ ಯಾರೂ ಬರೆದಿಲ್ಲ. ತಟ್ಟೆ ತೊಳೆದು, ಮರಳು ಜರಡಿ ಹಿಡಿದು, ದಿನಕ್ಕೆ ಸಾವಿರಾರು ಕೋಶ ಎಣಿಸಿ ಆರಿಸಿದವರು ದಿನಗೂಲಿಯ ಹೆಂಗಸರು. ಹೊಸ ಕೋಶ ಯಾವುದು, ನಾಲ್ಕು ದಿನದ್ದು ಯಾವುದು, ಸತ್ತದ್ದು ಯಾವುದು ಎಂದು ಬಣ್ಣ ನೋಡಿಯೇ ಹೇಳುತ್ತಿದ್ದರು. ನನಗೆ ಅದನ್ನು ಕಲಿಸಿದ್ದು ಅವರು. ಮುಂಜಾನೆ ಬಲೆಯ ಪಂಜರದಲ್ಲಿ ನೊಣ ಏಳುವ ಹೊತ್ತಿಗೆ ಅವರಲ್ಲೊಬ್ಬರು ಬಂದು ಎಷ್ಟು ಗಂಡು, ಎಷ್ಟು ಹೆಣ್ಣು ಎಂದು ಸೀಮೆಸುಣ್ಣದಲ್ಲಿ ಹಲಗೆಗೆ ಗೆರೆ ಎಳೆಯುತ್ತಿದ್ದರು. ಆ ಗೆರೆಗಳೇ ಆಮೇಲೆ ನಮ್ಮ ಪ್ರಬಂಧಗಳ ಕೋಷ್ಟಕಗಳಾದವು. ಪ್ರಬಂಧದಲ್ಲಿ ಅವರ ಹೆಸರಿಲ್ಲ.

ಇದೇ ಕಾಲದಲ್ಲಿ, ಇದೇ ನಾಡಿನಲ್ಲಿ, ಇನ್ನೊಂದು ನೊಣದ ಮೇಲೆ ಬೇರೆಯೇ ಬಗೆಯ ಕೆಲಸ ನಡೆಯುತ್ತಿತ್ತು. ಬಾಳೆಹಣ್ಣಿನ ಸುತ್ತ ಹಾರುವ ಡ್ರೊಸೊಫಿಲಾ ನೊಣ ಇಪ್ಪತ್ತೈದು ಡಿಗ್ರಿಯಲ್ಲಿ ಹತ್ತು ದಿನಕ್ಕೆ ಒಂದು ತಲೆಮಾರು ಮುಗಿಸುತ್ತದೆ. ಹದಿನೆಂಟು ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಮೈಸೂರು ವಿಶ್ವವಿದ್ಯಾಲಯ ಅದರ ತಳಿಗಳ ಭಂಡಾರವನ್ನೇ ಕಟ್ಟಿತು. ಮುಂದೆ ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಗೆ ಬಂದ ಕೆ. ವಿಜಯರಾಘವನ್ ಅವರು ಜೊತೆಗಾರರೊಡನೆ 1991ರಲ್ಲಿ ಪ್ರಕಟಿಸಿದ ಕೆಲಸ ಕೋಶದ ಒಳಗನ್ನು ನನಗೆ ಮತ್ತೊಮ್ಮೆ ತೆರೆದು ತೋರಿಸಿತು. ಕೋಶದೊಳಗೆ ಹಳೆಯ ಸ್ನಾಯುಗಳೆಲ್ಲ ಕರಗುತ್ತವೆ ಎಂದು ವೈಸ್‌ಮನ್‌ನ ಕಾಲದಿಂದ ನಂಬಿದ್ದೆವು. ಎಲ್ಲವೂ ಅಲ್ಲ. ಎದೆಯ ಒಂದೊಂದು ಬದಿಯಲ್ಲೂ ಮರಿಹುಳುವಿನ ಮೂರು ಸ್ನಾಯು ಉಳಿದು, ಸೀಳಿ ಆರಾಗುತ್ತವೆ. ಹಾರುವ ಸ್ನಾಯು ಅವುಗಳ ಅಚ್ಚಿನ ಮೇಲೆ ಬೆಳೆಯುತ್ತದೆ. ತೆವಳುತ್ತಿದ್ದ ಮೈಯ ಕೊಂಚ ಭಾಗ ಹಾರುವ ಮೈಗೆ ಅಡಿಪಾಯ.

ನಗರದ ಇನ್ನೊಂದು ಬದಿ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ, ಅಮಿತಾಭ್ ಜೋಶಿ ಅವರ ಗುಂಪು ಬೇಗ ಬೆಳೆದ ನೊಣಗಳನ್ನಷ್ಟೇ ಮುಂದಿನ ತಲೆಮಾರಿಗೆ ಬಿಡುತ್ತ ಹೋಯಿತು. ನೂರಾರು ತಲೆಮಾರಿನಲ್ಲಿ ಮೊಟ್ಟೆಯಿಂದ ನೊಣವಾಗುವ ಅವಧಿಯೇ ಕುಗ್ಗಿತು, ನೊಣಗಳು ಸಣ್ಣವಾದವು. ಅಲ್ಲೇ ಎಂ. ಕೆ. ಚಂದ್ರಶೇಖರನ್ ಮತ್ತು ವಿಜಯ್ ಕುಮಾರ್ ಶರ್ಮ ಅವರು ನೊಣ ಕೋಶದಿಂದ ಏಳುವ ಹೊತ್ತನ್ನು ನಿರ್ಧರಿಸುವ ಒಳಗಡಿಯಾರವನ್ನು ಅಭ್ಯಸಿಸಿದರು. ಇದು 1954ರಲ್ಲಿ ವಿಜ್ಞಾನಿ ಪಿಟೆಂಡ್ರಿಗ್ ತೆರೆದ ದಾರಿಯ ಮುಂದುವರಿಕೆ. ಜೀವನಚಕ್ರದ ದಿನಗಳು ಕಲ್ಲಿನಲ್ಲಿ ಕೊರೆದ ಅಂಕಿಯಲ್ಲ, ಆಯ್ಕೆಯ ಒತ್ತಡಕ್ಕೆ ಬದಲಾಗುವ ಗುಣ ಎಂಬುದಕ್ಕೆ ಜೋಶಿ ಅವರ ನೊಣಗಳಿಗಿಂತ ಒಳ್ಳೆಯ ಸಾಕ್ಷಿ ಬೇಡ. ವರ್ಷಕ್ಕೆ ಐದಾರು ಬೆಳೆ ಎಡೆಬಿಡದೆ ಇಡುವ ನಮ್ಮ ಹುಳುಮನೆಗಳಲ್ಲಿ ನಲವತ್ತು ವರ್ಷದಿಂದ ಊಜಿಗೂ ಅಂಥದೇ ಒತ್ತಡವಿದೆ. ಅದರ ದಿನಗಳು 1980ರಲ್ಲಿದ್ದಷ್ಟೇ ಇವೆಯೇ ಎಂದು ಕೇಳಬೇಕಾದ ಕಾಲ ಬಂದಿದೆ. ಜಕ್ಕೂರಿನ ಬಾಟಲಿಗೂ ರಾಮನಗರದ ಹುಳುಮನೆಗೂ ನಡುವೆ ಒಂದೆರಡು ಗಂಟೆಯ ದಾರಿ. ಎರಡು ಕಡೆಯವರೂ ಒಟ್ಟಿಗೆ ಕೂತ ಸಭೆ ನನ್ನ ನೌಕರಿಯ ಮೂವತ್ತು ವರ್ಷಗಳಲ್ಲಿ ಒಂದೂ ನನಗೆ ಸಿಗಲಿಲ್ಲ.

ಬೇರೆ ನೊಣಗಳ ಚರಿತ್ರೆಯೂ ಇದೇ. ಜೋಳದ ಸುಳಿ ನೊಣದ ಮರಿ ಎಲೆಯ ಅಡಿಯಲ್ಲಿ ಹುಟ್ಟಿ, ಬೆಳಗಿನ ಇಬ್ಬನಿಯಲ್ಲಿ ಸುಳಿಯತ್ತ ತೆವಳುತ್ತದೆ. 1951ರಲ್ಲಿ ಪೊನ್ನಯ್ಯ ಅವರು ಕೆಲವು ಜೋಳದ ತಳಿಗಳು ಅದನ್ನು ತಡೆಯುವುದನ್ನು ಹೊಲದಲ್ಲಿ ಗುರುತಿಸಿದರು. ಹೊತ್ತಿಗೆ ಸರಿಯಾಗಿ ಬಿತ್ತಿದರೆ ಪೈರು ಅದರ ಕೈ ತಪ್ಪಿಸಿಕೊಳ್ಳುತ್ತದೆ ಎಂದು ಉತ್ತರ ಕರ್ನಾಟಕದ ರೈತರಿಗೆ ಗೊತ್ತು. ಭತ್ತದ ಕಣೆ ನೊಣ ಸೊಳ್ಳೆಯಂತೆ ಕಾಣುತ್ತದೆ, ಅದು ನೊಣವೆಂದೇ ಅನೇಕರಿಗೆ ತಿಳಿಯದು. ಮಾವಿನ ಹಣ್ಣಿನ ನೊಣದ ಗಂಡನ್ನು ಬಲೆಗೆ ಹಾಕುತ್ತೇವೆ, ಉದುರಿದ ಹಣ್ಣಿನಿಂದ ಇಳಿದು ಮರದ ಬುಡದ ಮಣ್ಣಿನಲ್ಲಿ ಕೂತ ಕೋಶವನ್ನು ಅಲ್ಲೇ ಬಿಡುತ್ತೇವೆ. ಈಗಂತೂ ಕಸ ತಿನ್ನುವ ಬ್ಲ್ಯಾಕ್ ಸೋಲ್ಜರ್ ನೊಣದ ಭರಾಟೆ. ಹಸಿಕಸವನ್ನು ಕೋಳಿ, ಮೀನಿನ ಮೇವು ಮಾಡುವ ಮರಿಹುಳುವನ್ನು ನಾನು ಗೌರವಿಸುತ್ತೇನೆ. ಆದರೆ ಅದನ್ನು ಮಾರುವವರು ಹಂಚುವ ಕಾಗದದಲ್ಲೂ ಅವೇ ನಾಲ್ಕು ವೃತ್ತ, ಅವೇ ಅಚ್ಚಾದ ಅಂಕಿ. ಬೀದರ್‌ನ ಬೇಸಿಗೆಗೂ ಮಡಿಕೇರಿಯ ಮಳೆಗೂ ಒಂದೇ ಲೆಕ್ಕ.

ನಮ್ಮ ದೇಶದ ನೊಣಗಳಲ್ಲಿ ಬಹುಪಾಲಿಗೆ ಹಾರುವ ರೂಪದ ವರ್ಣನೆಯಿದೆ, ಮರಿಯ ವರ್ಣನೆಯಿಲ್ಲ. 1912ರಿಂದ ಬ್ರುನೆಟ್ಟಿ ಬರೆದ ಭಾರತದ ನೊಣಗಳ ಸಂಪುಟಗಳು ಪಿನ್ನು ಚುಚ್ಚಿದ ನೊಣಗಳ ಪುಸ್ತಕಗಳು. ಮರಿಯನ್ನು ಗುರುತಿಸಬೇಕೆಂದರೆ ಸಾ­ಕಬೇಕು, ಸಾಕಲು ಮನೆ ಬೇಕು, ದಿನಾ ಬರುವ ಜನ ಬೇಕು. ನಾನು ಕೆಲಸ ಕಲಿತ ಸಾಕಣೆ ಕೋಣೆ ಈಗ ಇಲ್ಲ. ಅಲ್ಲಿ ಕಂಪ್ಯೂಟರುಗಳಿವೆ. ಕೋಶ ಆರಿಸುತ್ತಿದ್ದ ಹೆಂಗಸರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ವರ್ಷದ ಹನ್ನೆರಡು ತಿಂಗಳೂ, ಕೋಲಾರದಲ್ಲಿ ಒಂದು ಕಡೆ, ಚಾಮರಾಜನಗರದಲ್ಲಿ ಒಂದು ಕಡೆ, ಊಜಿಯ ಕೋಶವನ್ನು ಅಲ್ಲಿನ ನೆಲದ ಬಿಸಿಯಲ್ಲೇ ಇಟ್ಟು ದಿನ ಎಣಿಸಲು ಇಬ್ಬರು ಜನ, ನಾಲ್ಕು ಪಂಜರ, ಒಂದು ಉಷ್ಣಮಾಪಕ ಸಾಕು. ಆ ತರಬೇತಿಯ ರೈತರು ಕೇಳಿದ ಪ್ರಶ್ನೆಗೆ ಉತ್ತರ ಅಷ್ಟರಲ್ಲಿದೆ.

ಇನ್ನೊಂದು ಜಾಗವನ್ನೂ ನಾವು ಯಾರೂ ಸರಿಯಾಗಿ ನೋಡಲಿಲ್ಲ. ನಮ್ಮ ಪ್ರಯೋಗಗಳೆಲ್ಲ ರೈತನ ಹುಳುಮನೆಯ ಬಾಗಿಲಿಗೆ ಮುಗಿಯುತ್ತಿದ್ದವು. ಗೂಡು ಬಿಡಿಸಿದ ಮೇಲೆ ನಮ್ಮ ಕೆಲಸವಾಯಿತು ಎಂದುಕೊಂಡೆವು. ಹೋದ ತಿಂಗಳು ಒಂದು ಬೆಳಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಹರಾಜು ಮುಗಿದು ಗೂಡುಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಜಾಲರಿಯ ಅಡಿ ನೆಲದ ಮೇಲೆ ಬೆಳ್ಳಗೆ ಅಕ್ಕಿಯ ಹಾಗೆ ಏನೋ ಅಲುಗುತ್ತಿತ್ತು. ಬಗ್ಗಿ ನೋಡಿದೆ. ಊಜಿಯ ಬಲಿತ ಮರಿಗಳು, ಗೂಡಿನಿಂದ ಆಗ ತಾನೇ ಇಳಿದವು, ಗೋಡೆಯ ಕಡೆಗೆ ಸಾಲಾಗಿ ಹರಿಯುತ್ತಿದ್ದವು. ಗುಡಿಸುವ ಅಮ್ಮ ಪೊರಕೆಯಲ್ಲಿ ಒಂದಷ್ಟನ್ನು ಬಳಿದು ಬುಟ್ಟಿಗೆ ಹಾಕಿದರು, ಉಳಿದವು ಕಲ್ಲುಚಪ್ಪಡಿಯ ಸಂದಿನೊಳಗೆ ಇಳಿದವು. “ಇವೇನಮ್ಮ, ದಿನಾ ಬೀಳ್ತಾವಾ?” ಎಂದೆ. “ದಿನಾನೂ ಸ್ವಾಮಿ. ಗುಡಿಸಿದಷ್ಟೂ ಇರ್ತಾವೆ” ಎಂದು, ಬುಟ್ಟಿಯನ್ನು ಮಾರುಕಟ್ಟೆಯ ಹಿಂದಿನ ಕಸದ ಗುಂಡಿಗೆ ಸುರಿದು ಬಂದರು. ಗುಂಡಿಯಾಚೆ ಹಿಪ್ಪುನೇರಳೆ ತೋಟ.